ಒಂಬತ್ತು ಬೆರಳು ದೂರ

ಈಗ ಫೋನಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ವಿಮಾನಕ್ಕೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ನಮ್ಮ ಬೀದಿಯಲ್ಲಿ ಆಗ ಅದನ್ನು ಹೇಳುತ್ತಿದ್ದವರು ದಾರದ ಮಾಮ. ನನ್ನ ಪಾತ್ರೆ ಅಂಗಡಿಯ ಪಕ್ಕದ ಕೋಣೆಯಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುತ್ತಿದ್ದರು. ಮೇಜಿನ ಮೇಲೊಂದು ದೊಡ್ಡ ಗ್ಲೋಬು, ಒಂದು ದಾರದುಂಡೆ. ಈ ಊರಿಂದ ಆ ಊರಿಗೆ ದಾರ ಬಿಗಿದು, ಬೆರಳಗಲದಲ್ಲಿ ಅಳೆಯುವುದು. ಒಂದು ಬೆರಳೆಂದರೆ ಒಂದು ಗಂಟೆ. ಗ್ಲೋಬು ಒಮ್ಮೆ ಕೆಳಗೆ ಬಿದ್ದು ಸಮುದ್ರದ ಭಾಗ ತಗ್ಗಾಗಿತ್ತು. ಆ ಕಡೆ ಹೋಗುವವರಿಗೆ ಅರ್ಧ ಬೆರಳು ಜಾಸ್ತಿ. ತಾವು ಮಾತ್ರ ಒಂದು ದಿನವೂ ವಿಮಾನ ಹತ್ತಿದವರಲ್ಲ.

ಒಂದು ಬೆಳಿಗ್ಗೆ ಅವರ ಗಿರಾಕಿಯೊಬ್ಬಳು ಕೈಗೂಸನ್ನೆತ್ತಿಕೊಂಡು, ಅಮ್ಮನ ಜೊತೆ ನನ್ನಲ್ಲಿಗೆ ಫ್ಲಾಸ್ಕ್ ಕೊಳ್ಳಲು ಬಂದಳು. ಮಾರನೆಯ ದಿನ ಗಂಡನಿದ್ದ ಊರಿಗೆ ಪ್ರಯಾಣ. ದಾರಿಯಲ್ಲಿ ಹಾಲಿನ ಪುಡಿ ಕಲಸಲು ಬಿಸಿನೀರು ಬೇಕು.

"ಹತ್ತಕ್ಕೆ ಹೊರಟು ಎರಡೂವರೆಗೆ ಇಳೀತಾಳೆ. ನಾಲ್ಕೂವರೆ ಗಂಟೆ ಅಷ್ಟೇ. ಒಂದು ಸಾಕು," ಎಂದರು ಅಮ್ಮ.

ಬಾಗಿಲಲ್ಲಿ ಮಾಮ ಪ್ರತ್ಯಕ್ಷ. "ಎರಡು ಬೇಕಮ್ಮ. ಒಂಬತ್ತು ಬೆರಳಿದೆ."

"ಟಿಕೆಟಲ್ಲಿ ಎರಡೂವರೆ ಅಂತ ಇದೆಯಲ್ಲ?"

"ಅದು ಅಲ್ಲಿಯ ಗಡಿಯಾರ, ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಗು ಹೊಟ್ಟೆ ಹಿಂದೆ ಹೋಗುತ್ತಾ?"

ಅಮ್ಮ ನನ್ನನ್ನೂ ಅವರನ್ನೂ ನೋಡಿದರು. "ಒಂದು ಫ್ಲಾಸ್ಕಿಗೆ ನಿಮಗೆಷ್ಟು ಕಮಿಷನ್?"

ನಾನು ಬಾಯಿ ಬಿಟ್ಟರೆ ಅನುಮಾನ ಗಟ್ಟಿಯಾಗುತ್ತಿತ್ತು. ತಕ್ಕಡಿ ಒರೆಸುತ್ತ ನಿಂತೆ.

"ವಿಮಾನದಲ್ಲಿ ಕೇಳಿದರೆ ಕೊಡ್ತಾರಂತಲ್ಲ, ಮಾಮ?" ಎಂದಳು ಹುಡುಗಿ.

"ಕೇಳೋಕೆ ಅವರ ಮಾತು ಬರಬೇಕಲ್ಲ, ಮಗಳೇ."

ಅವಳ ಮುಖ ಸಪ್ಪಗಾಯಿತು. ಮಾಮ ಒಳಗೆ ಹೋಗಿ, ಮನೆಯಿಂದ ಚಹಾ ತರುತ್ತಿದ್ದ ತಮ್ಮ ಹಸಿರು ಫ್ಲಾಸ್ಕನ್ನು ತೊಳೆದು ತಂದರು. "ಬರೋವಾಗ ತಂದುಕೊಡು."

ಆಮೇಲೆ ಎರಡು ವರ್ಷ ಮಾಮ ಬಾಟಲಿಯಲ್ಲಿ ತಂದ ತಣ್ಣನೆಯ ಚಹಾ ಕುಡಿದರು. "ಹೊಸದೊಂದು ತಗೊಳ್ಳಿ," ಎಂದು ನಾನು ಆಗಾಗ ಕೆಣಕುತ್ತಿದ್ದೆ. ವ್ಯಾಪಾರಿಯ ನಾಲಿಗೆ, ಸುಮ್ಮನಿರುವುದಿಲ್ಲ.

"ನಂದು ಬರುತ್ತೆ ಕಣಯ್ಯ."

"ಎಷ್ಟು ಬೆರಳು ದೂರದಲ್ಲಿದೆ ಈಗ?"

"ನಿನ್ನ ಬಾಯಿಗಿಂತ ಹತ್ತಿರ."

ಬಂದೇ ಬಂತು. ಫ್ಲಾಸ್ಕನ್ನು ಅಪ್ಪಿಕೊಂಡು ಒಳಗೆ ನಡೆದು ಬಂದದ್ದು ಅದೇ ಕೂಸು.

"ಮೊದಲನೇದು ಮುಗಿದಾಗ ಕೆಳಗೆ ಬರೀ ಸಮುದ್ರ, ಮಾಮ," ಎಂದಳು ತಾಯಿ. "ಇದರದ್ದು ಕೊನೇ ಸಲ ಕಲಸಿ ಕುಡಿಸ್ತಾ ಇದ್ದೆ, ಚಕ್ರ ನೆಲ ಮುಟ್ತು."

ಮಾಮನಿಗೆ ಬೇಕಾದದ್ದು ಬೇರೆ. "ಎಷ್ಟು ಹೊತ್ತು ಹಿಡೀತು?"

"ವಾಚಿನ ಮುಳ್ಳು ತಿರುಗಿಸಿರಲಿಲ್ಲ. ಒಂಬತ್ತು ಗಂಟೆ ಹತ್ತು ನಿಮಿಷ."

ಮಾಮ ಗ್ಲೋಬಿನ ತಗ್ಗನ್ನು ಹೆಬ್ಬೆರಳಿನಿಂದ ಸವರಿದರು. "ಆ ಹತ್ತು ನಿಮಿಷ ಇದರದ್ದೇ."

ಮಾರನೆಯ ದಿನ ಗೋಡೆಯಾಚೆಯಿಂದ ಕರೆದು, ಆ ಫ್ಲಾಸ್ಕಿನ ಮುಚ್ಚಳದಲ್ಲೇ ನನಗೂ ಚಹಾ ಬಗ್ಗಿಸಿಕೊಟ್ಟರು. ನಾಲಿಗೆ ಸುಟ್ಟಿತು. ಅಷ್ಟು ಚೆನ್ನಾಗಿ ಬಿಸಿ ಹಿಡಿಯುವ ಫ್ಲಾಸ್ಕನ್ನು, ಸತ್ಯ ಹೇಳುತ್ತೇನೆ, ನನ್ನ ಅಂಗಡಿಯಲ್ಲಿ ನಾನು ಎಂದೂ ಮಾರಿಲ್ಲ.