ತಪ್ಪು ಹಿಡಿಯುತ್ತಿದ್ದ ಹಿರಿಯರು

ನಾರ್ವೆಸ್ಟ್ ಕಂಪನಿಯ ನಮ್ಮ ಆಫೀಸಿನಲ್ಲಿ ಮಾಹಿತಿಯನ್ನು ಜೋಡಿಸಿ ಬರೆಯುವ ಎಕ್ಸ್‌ಎಂಎಲ್ ಭಾಷೆಗೆ ಉಡುಪಿ ಕಡೆಯ ಹಿರಿಯರೊಬ್ಬರೇ ಧರ್ಮಾಧಿಕಾರಿ. ಪ್ರೋಗ್ರಾಮಿನೊಳಗಿನ ಎಕ್ಸ್‌ಎಂಎಲ್ ತಪ್ಪುಗಳನ್ನು ಹಿಡಿಯಲೆಂದೇ ಆರು ವರ್ಷ ಕೂತು ಒಂದು ಲೈಬ್ರರಿಯನ್ನೇ, ಅಂದರೆ ಕೋಡಿನ ಕಂತೆಯನ್ನೇ, ಬರೆದಿದ್ದರು. ಅದೂ ಸಾಲದೆಂದು ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಪ್ರತಿ ಸಾಲನ್ನೂ ವಿಚಾರಣೆಗೆ ಗುರಿಪಡಿಸುತ್ತಿದ್ದರು. "ಕಂಪೈಲರಿಗೆ ಎಂತ ಗೊತ್ತುಂಟು ಮಾರಾಯ?" ಎನ್ನುತ್ತಿದ್ದರು.

ಆಮೇಲೆ ಬಂದ ಹೊಸ ಕಂಪೈಲರಿಗೆ ಎಲ್ಲವೂ ಗೊತ್ತಿತ್ತು; ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವಾಗಲೇ ಎಕ್ಸ್‌ಎಂಎಲ್ ತಪ್ಪುಗಳನ್ನೂ ಹಿಡಿಯುತ್ತಿತ್ತು. ಅದನ್ನು ಪರೀಕ್ಷಿಸುವ ಕೆಲಸ ಅವರ ಪಾಲಿಗೇ ಬಂತು. ಅದು ಪಾಸಾದರೆ ಅವರ ಕಾಂಟ್ರಾಕ್ಟ್ ಮುಗಿದಂತೆ.

"ಸಾರ್, ಒಂದೆರಡು ತಪ್ಪಿದೆ ಅಂತ ಬರೆದ್ಬಿಡಿ" ಎಂದೆ.

"ಇಲ್ಲದ ತಪ್ಪನ್ನು ಎಲ್ಲಿಂದ ತರುವುದು?"

ವರದಿಯಲ್ಲಿ ಎಲ್ಲ ಸರಿಯಿದೆಯೆಂದು ಬರೆದರು. ತಮ್ಮ ಲೈಬ್ರರಿಯನ್ನು ತಾವೇ ಅಳಿಸಿ, ಇಡೀ ಪ್ರೋಗ್ರಾಮನ್ನು ಮತ್ತೊಮ್ಮೆ ಕಂಪೈಲ್ ಮಾಡಿದರು. ಒಂದಾದರೂ ಎರರ್ ಬಂದೀತೆಂದು ಇಬ್ಬರೂ ಪರದೆ ನೋಡುತ್ತ ಕೂತೆವು. ಬರಲಿಲ್ಲ.