ಲ್ಯಾಟಿನ್ನಿನಲ್ಲಿ ಸಿಗದ ಸದ್ದು

ಈ ನೋಟ್‌ಬುಕ್ಕಿಗೆ ನೂರು ರೂಪಾಯಿ ಕೊಟ್ಟೆ. ತೂಕಕ್ಕೆ ಹಾಕಿದರೆ ಎರಡು ರೂಪಾಯಿಯೂ ಬಾಳುವುದಿಲ್ಲ. ಹೊಳೆನರಸೀಪುರದ ಗುಜರಿಯವನು ನನ್ನ ಮುಖ ನೋಡಿಯೇ ರೇಟು ಏರಿಸಿದ. ಐದು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುವ ನಾನು ಕೇಳಿದಷ್ಟನ್ನೂ ಎಣಿಸಿ ಕೊಟ್ಟೆ. ರಟ್ಟಿಗೆ ನಶ್ಯದ ವಾಸನೆಯಿತ್ತು... ಲ್ಯಾಟಿನ್ ಮೇಷ್ಟ್ರದ್ದು.

ಪಾದ್ರಿಯಾಗಲು ಲ್ಯಾಟಿನ್ ಓದಿ, ಅರ್ಧಕ್ಕೆ ಬಿಟ್ಟು, ಇಲ್ಲೇ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಒಂಟಿ. ದಿನಾ ಬೆಳಗ್ಗೆ ನನ್ನ ನಾಟಿ ಕೋಳಿ ಅಂಗಡಿಯ ಬೆಂಚಿಗೆ ಬರುತ್ತಿದ್ದರು. ಲ್ಯಾಟಿನ್ನಿನಲ್ಲಿ ಒಂದೊಂದು ಹಕ್ಕಿಯ ಕೂಗಿಗೂ ಒಂದೊಂದು ಕ್ರಿಯಾಪದವಂತೆ. ಕಾಡುಕಾಗೆಗೆ ಕ್ರೋಚಿತಾರೆ, ಮರಿಗಳಿಗೆ ಪಿಪಿಯಾರೆ, ಕಾವು ಕೂತ ಹೇಟೆ ಕೋಳಿಗೆ ಗ್ಲೋಚಿರೆ. ಈ ನೋಟ್‌ಬುಕ್ಕಿನಲ್ಲಿ ಅವುಗಳ ಪಕ್ಕಕ್ಕೆ ನಮ್ಮ ಕಡೆಯ ಮಾತು ಕೇಳಿ ಬರೆದುಕೊಳ್ಳುತ್ತಿದ್ದರು.

"ಆ ಲ್ಯಾಟಿನ್ನೋರ್ಗೆ ಬ್ಯಾರೆ ಗೇಯ್ಮೆ ಇರ್ನಿಲ್ವಾ ಸಾ?" ಅಂದಿದ್ದೆ.

"ಇತ್ತು ಕಣಯ್ಯ, ಕೋಳಿ ತಿನ್ನೋದು."

ಒಮ್ಮೆ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಅರಕಲಗೂಡಿನ ಸಂತೆಗೆ ಕರೆದೊಯ್ದೆ. ಹೆಂಗಸೊಬ್ಬಳ ಮಂಕರಿಯಿಂದ ಹೇಟೆ ಎತ್ತಿ, ಬೆನ್ನಿಗೆ ಕಿವಿಯಿಟ್ಟೆ. ಗೊರ ಗೊರ. ಕಾಯಿಲೆ. ಮಾತಾಡದೆ ಕೆಳಗಿಟ್ಟು ಮುಂದೆ ಹೋದೆ.

"ಆಕೆಗೆ ಹೇಳಬಾರದಿತ್ತೇ?"

"ಬಾಯ್ಬುಟ್ರೆ ಆವಮ್ಮನ ಒಂದು ಕೋಳೀನೂ ಓಗಕಿಲ್ಲ ಸಾ. ಕೇಳುಸ್ತು, ಕೆಳಗಿಟ್ಟೆ. ನಮ್ ಯಾಪಾರ್ದಲ್ಲಿ ಅಂಗೇಯ."

ಮೇಷ್ಟ್ರು ಅದನ್ನೂ ಬರೆದುಕೊಂಡರು.

ವಾಪಸ್ಸು ಬರುವಾಗ ಸುಸ್ತಾಗಿ ನನ್ನ ಬೆನ್ನಿಗೆ ಒರಗಿದರು. ಅವರ ಎದೆಯ ಸದ್ದು ನನ್ನ ಬೆನ್ನೊಳಗೆ ಇಳಿಯಿತು. ಅದೇ ಗೊರ ಗೊರ... ಮೂವತ್ತು ವರ್ಷ ಕೋಳಿ ಹಿಡಿದವನಿಗೆ ತಪ್ಪುವುದುಂಟೆ? ಮನೆ ಮುಂದೆ ಇಳಿದವರು ಕೇಳಿದರು: "ನನ್ನ ಎದೇಲೂ ಏನಾದ್ರೂ ಕೇಳಿಸ್ತೇನಯ್ಯ?"

"ಗಾಡಿ ಸದ್ದು ಸಾ," ಅಂದೆ. ಕೇಳಿಸಿತು, ಕೆಳಗಿಳಿಸಿದೆ, ಮುಂದೆ ಹೋದೆ.

ನಾಲ್ಕು ತಿಂಗಳಿಗೆ ಬೀದಿಯವರು ಹಾಸನದ ಆಸ್ಪತ್ರೆಗೆ ಹೊತ್ತೊಯ್ದರು. ಶ್ವಾಸಕೋಶ ಪೂರ್ತಿ ಹೋಗಿತ್ತು. ಮೊದಲೇ ಯಾಕೆ ತರಲಿಲ್ಲ ಎಂದು ಡಾಕ್ಟರು ಎಲ್ಲರನ್ನೂ ಬೈದರು. ನಾನು ಹಿಂದೆ ನಿಂತಿದ್ದೆ. ಮೇಷ್ಟ್ರು ವಾಪಸ್ಸು ಬರಲಿಲ್ಲ. ಮನೆಯ ಮಾಲೀಕರು ಅವರ ಕಾಗದವನ್ನೆಲ್ಲ ಗುಜರಿಗೆ ಹಾಕಿದರು.

ನೋಟ್‌ಬುಕ್ಕಿನ ಕೊನೆಯ ಸಾಲು ಹೀಗಿದೆ: "ಗೊರ ಗೊರ: ಕಾಯಿಲೆ ಕೋಳಿಯ ಉಸಿರು. ಲ್ಯಾಟಿನ್ನಿನಲ್ಲಿ ಸಿಗಲಿಲ್ಲ. ನನ್ನದು ಬರೀ ಗಾಡಿ ಸದ್ದು, ಕೋಳಿಯವನೇ ಹೇಳಿದ. ಡಾಕ್ಟರು ಬೇಕಿಲ್ಲ."

ನಾಟಿ ಕೋಳಿ ಕೊಳ್ಳುವಾಗ ಬೆನ್ನಿಗೆ ಕಿವಿಯಿಟ್ಟು ನೋಡಿ. ಗೊರ ಗೊರ ಅಂದರೆ ಸುಮ್ಮನೆ ಕೆಳಗಿಟ್ಟು ಮುಂದೆ ಹೋಗಿ. ಅದೇ ಸದ್ದು ನಿಮ್ಮ ಹಿಂದೆ ಕೂತವರ ಎದೆಯಲ್ಲಿ ಕೇಳಿಸಿತೋ, ಅವರ ಮನೆ ಮುಂದೆ ಗಾಡಿ ನಿಲ್ಲಿಸಬೇಡಿ. ಸೀದಾ ಆಸ್ಪತ್ರೆಗೆ ಓಡಿಸಿ. ದಾರಿಯುದ್ದಕ್ಕೂ ಬೈದರೆ ಬೈಸಿಕೊಳ್ಳಿ.