ಚಹಾಕ್ಕೆ ಏಳದ ಹೆಂಗಸರು

ಕರೋನಾ ಕಳೆದು ಎರಡನೆಯ ವರ್ಷ. ಬನಹಟ್ಟಿಯಲ್ಲಿ ಜಾಬರ್ ಕೆಲಸ ಬಿಟ್ಟು ನಾನು ಮನೆಯ ಕಟ್ಟೆ ಹಿಡಿದು ಆಗಲೇ ಮೂರು ವರ್ಷವಾಗಿತ್ತು. ಮೂವತ್ತೆಂಟು ವರ್ಷ ಮಗ್ಗದ ಕೆಳಗೆ ಮಲಗಿ ಎದ್ದವನು ನಾನು. ಸಾಲೆ ಕಲಿತದ್ದು ನಾಲ್ಕನೆಯ ಇಯತ್ತೆ. ಬರೆಯಲು ಬಲ್ಲವರು ಇದನ್ನು ನನಗಿಂತ ಚೆನ್ನಾಗಿ ಬರೆದಾರು, ಆದರೆ ನಡೆದದ್ದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಹೇಳದೆ ಇರಲು ನನ್ನಿಂದ ಆಗುವುದೂ ಇಲ್ಲ. ಓಣಿಯವರಿಗೆಲ್ಲ ನಾಲ್ಕು ನಾಲ್ಕು ಸಲ ಹೇಳಿಯಾಗಿದೆ. ಈಗ ನನ್ನನ್ನು ದೂರದಿಂದ ಕಂಡರೆ ಸೈಕಲ್ ತಿರುಗಿಸುತ್ತಾರೆ.

ಮೊದಲು ಜಾಬರ್ ಎಂದರೆ ಯಾರು ಎಂದು ಹೇಳುತ್ತೇನೆ. ವಿದ್ಯುತ್ ಮಗ್ಗ ನಡೆಸುವವನು ನೇಕಾರ, ಅದು ಕೆಟ್ಟಾಗ ದುರಸ್ತಿ ಮಾಡುವವನು ಜಾಬರ್. ಮಗ್ಗದಲ್ಲಿ ಲಾಳಿ ಎಡಗಡೆಯ ಪೆಟ್ಟಿಗೆಯಿಂದ ಬಲಗಡೆಯ ಪೆಟ್ಟಿಗೆಗೆ ಹಾರಬೇಕು, ಅಲ್ಲಿಂದ ಮತ್ತೆ ಇಲ್ಲಿಗೆ. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಅದಕ್ಕೆ ಪೆಟ್ಟು ಕೊಡುವ ಕೋಲು ಸ್ವಲ್ಪ ಸಡಿಲಾದರೂ ಲಾಳಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಆಗ ನೂಲನ್ನು ಒತ್ತಿ ಕೂರಿಸುವ ಹಣಿಗೆ ಬಂದು ಅದರ ಮೇಲೆ ಬಡಿದರೆ ನೂರಾರು ಎಳೆ ಒಂದೇ ಏಟಿಗೆ ಹರಿದು, ಒಂದೊಂದನ್ನೇ ಕೂಡಿಸುವುದರಲ್ಲಿ ದಿನ ಮುಗಿಯುತ್ತದೆ. ಇದು ಆಗದಂತೆ ನೋಡುವುದು ಜಾಬರ್ ಕೆಲಸ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಜಾಬರ್ ಮಗ್ಗದ ಕೆಳಗೆ ಹೋದನೆಂದರೆ ನೇಕಾರ ಚಹಾಕ್ಕೆ ಹೋಗಬೇಕು. ಯಾರೂ ಬರೆದಿಟ್ಟದ್ದಲ್ಲ. "ಹೋಗಪಾ, ಒಂದ ಚಾ ಕುಡದ ಬಾ" ಎಂದು ನಾವು ಹೇಳುವುದು, ಅವನು ಟಾವೆಲ್ ಹೆಗಲಿಗೆ ಹಾಕಿ ಹೊರಡುವುದು. ಅವನು ಬರುವಷ್ಟರಲ್ಲಿ ಮಗ್ಗ ಓಡುತ್ತಿರುತ್ತಿತ್ತು. ಏನು ಮಾಡಿದೆವೋ ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿಯಬಾರದೆಂದೇ ಚಹಾ. ನೋಡಿದರೆ ಕಲಿಯುತ್ತಾನೆ, ಕಲಿತರೆ ನಮ್ಮನ್ನು ಕರೆಯುವುದಿಲ್ಲ. ಇದನ್ನು ನಾನು ದೊಡ್ಡ ಜಾಣತನ ಎಂದುಕೊಂಡಿದ್ದೆ. ಒಂಬತ್ತು ಜನ ಶಿಷ್ಯರಿಗೆ ಬೋಲ್ಟು ಬಿಗಿಯುವ ಪಾನಾ ಹಿಡಿಯುವುದನ್ನು ಕಲಿಸುವ ಮೊದಲು ಇದನ್ನು ಕಲಿಸಿದೆ. ಅಂಥ ಗುರು ನಾನು.

ನನ್ನ ಮಗನ ಮಗಳು ಸವಿತಾ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ, ಪಕ್ಕದ ರಬಕವಿಗೆ ಕೊಟ್ಟಿದ್ದೆವು. ಅವಳೂ ಅವಳ ಜೊತೆಯ ಐದು ಹೆಂಗಸರೂ ಕಂಡಿಕೆ ಸುತ್ತುವವರು, ಅಂದರೆ ಲಾಳಿಯೊಳಗೆ ಹಾಕುವ ನೂಲಿನ ಸುರುಳಿ ಮಾಡುವವರು. ನಮ್ಮೂರಲ್ಲಿ ಸೀರೆಯ ಅರ್ಧ ಕೆಲಸ ಹೆಂಗಸರದ್ದು, ಆದರೆ ನೇಕಾರ ಎಂದು ಕರೆಸಿಕೊಳ್ಳುವವನು ಗಂಡಸು. ಚಿಮ್ಮಡ ರಸ್ತೆಯ ಬದಿಗೆ ಒಬ್ಬ ಸಾವಕಾರರ ಶೆಡ್ಡು ಇತ್ತು. ಕರೋನಾದಲ್ಲಿ ನಿಂತ ಆರು ಮಗ್ಗ ಅಲ್ಲಿ ಜಂಗು ಹಿಡಿದು ಕುಳಿತಿದ್ದವು. ಅವನ್ನು ಗುಜರಿಗೆ ಹಾಕುತ್ತಾರೆ ಎಂಬ ಸುದ್ದಿ ಕೇಳಿ ಈ ಆರು ಜನ ಸಂಕ್ರಾಂತಿಯ ಮರುದಿನ ಸಾವಕಾರರ ಮನೆಗೆ ಹೋದರು. ನಾವು ನಡೆಸುತ್ತೇವೆ, ನಮ್ಮ ಸೀರೆ ನಾವೇ ಮಾರುತ್ತೇವೆ, ನಿಮಗೆ ಬಾಡಿಗೆ ಕೊಡುತ್ತೇವೆ ಎಂದರು.

ಸಾವಕಾರರು ನಕ್ಕು ಹೇಳಿದರಂತೆ: "ಯುಗಾದಿ ಮಟಾ ಟೈಮ್ ಕೊಡ್ತೇನ್ರವಾ. ಯುಗಾದಿಗೆ ಆರೂ ಮಗ್ಗ ಓಡಾಕತ್ತಿರಬೇಕು. ಒಂದ ನಿಂತ್ರೂ ಗುಜರಿಯವನ ಗಾಡಿ ಬಾಗಲದಾಗ ಬರ್ತೈತಿ."

ಅಷ್ಟರಲ್ಲಿ ಯಾರೋ ಇವರನ್ನು ಜಮಖಂಡಿಗೆ ಎರಡು ದಿನದ ತರಬೇತಿಗೆ ಕರೆದೊಯ್ದರು. ಮಹಿಳೆಯರು ಉದ್ಯಮಿಗಳಾಗುವುದು ಹೇಗೆ ಎಂಬ ಪಾಠ. ಬೀಳಗಿಯಿಂದ ಬಂದ ಎಮ್ಮೆ ಕಟ್ಟಿದವಳಿಗೂ ಮುಧೋಳದ ಖಡಕ್ ರೊಟ್ಟಿಯವಳಿಗೂ ನಮ್ಮ ಮಗ್ಗದವರಿಗೂ ಅದೇ ಪಾಠ, ಅದೇ ಗೋಡೆಯ ಮೇಲಿನ ಚಿತ್ರ. ಮೊದಲ ದಿನ ಕಣ್ಣು ಮುಚ್ಚಿ ಕನಸು ಕಾಣಲು ಹೇಳಿದರಂತೆ. ಎರಡನೆಯ ದಿನ ಆ ಕನಸನ್ನು ಬಣ್ಣದ ಹಾಳೆಯ ಮೇಲೆ ಬರೆಸಿದರಂತೆ. ಎರಡು ದಿನದಲ್ಲಿ ಒಂದು ನಟ್ಟು ತೋರಿಸಲಿಲ್ಲ. ಒಂದು ಕೈಚೀಲ, ಒಂದು ಸರ್ಟಿಫಿಕೇಟ್ ಕೊಟ್ಟು, ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದು ಬಸ್ಸು ಹತ್ತಿಸಿದರು. ಸವಿತಾ ಸರ್ಟಿಫಿಕೇಟನ್ನು ನನಗೆ ತೋರಿಸಿ, "ಮುತ್ಯಾ, ಇದನ್ನ ಮಗ್ಗಕ್ಕ ಹಚ್ಚಿದ್ರ ಓಡ್ತೈತೇನ?" ಎಂದಳು.

ಮಗ್ಗ ಓಡಿಸಲು ಜಾಬರ್ ಬೇಕಲ್ಲ. ಮಲ್ಲೇಶಿಯನ್ನು ಕರೆಸಿದರು. ಮಲ್ಲೇಶಿ ನನ್ನ ಶಿಷ್ಯ, ಊರಲ್ಲಿ ಈಗ ಅವನದೇ ನಡೆಯುತ್ತಿತ್ತು. ಬಂದ, ಮಗ್ಗದ ಕೆಳಗೆ ಹೋಗುವ ಮೊದಲು ಪದ್ಧತಿಯಂತೆ, "ಹೋಗ್ರಿ, ಒಂದ ಚಾ ಕುಡದ ಬರ್ರಿ" ಎಂದ. ಯಾರೂ ಏಳಲಿಲ್ಲ. ಹೆಂಗಸರು ಚಹಾದಂಗಡಿಯ ಬಾಕಿನ ಮೇಲೆ ಕುಳಿತು ಚಹಾ ಕುಡಿಯುವುದು ನಮ್ಮಲ್ಲಿ ಎಲ್ಲಿದೆ? ಆರು ಜನರಲ್ಲಿ ಹಿರಿಯಳಾದ ಮಹಾದೇವಿ, "ನಾವು ಚಾ ಮನ್ಯಾಗ ಕುಡದ ಬಂದೇವಿ, ನೀ ಮಾಡಪಾ" ಎಂದು ಸೆರಗು ಸರಿಪಡಿಸಿಕೊಂಡು ಅಲ್ಲೇ ಕುಳಿತಳು. ಆರು ಜೋಡಿ ಕಣ್ಣು. ಮಲ್ಲೇಶಿ ಬೆವತು ಹೋದ. ಎರಡು ಮಗ್ಗ ಹೇಗೋ ಓಡಿಸಿ ಹೊರಟುಹೋದ. ಎಂಟು ದಿನಕ್ಕೆ ಎರಡೂ ನಿಂತವು. ಮತ್ತೆ ಕರೆದರೆ ಬರಲಿಲ್ಲ. ಅವನು ಬರದಿದ್ದ ಮೇಲೆ ಊರಿನ ಬೇರೆ ಜಾಬರ್‌ಗಳೂ ಬರಲಿಲ್ಲ.

ಚಹಾದಂಗಡಿಯಲ್ಲಿ ಅವರು ಹೇಳುತ್ತಿದ್ದ ಕಾರಣಗಳನ್ನು ನಾನೇ ಕೇಳಿದ್ದೇನೆ. ಹೆಂಗಸರಿರುವ ಶೆಡ್ಡಿನಲ್ಲಿ ಹೆಸರು ಕೆಡುತ್ತದೆ ಎಂದ ಒಬ್ಬ. ಮಗ್ಗದ ಸಪ್ಪಳ ಹೆಣ್ಣಿನ ಮೈಗೆ ಒಗ್ಗುವುದಿಲ್ಲ ಎಂದ ಇನ್ನೊಬ್ಬ; ಅವನ ಹೆಂಡತಿ ಇಪ್ಪತ್ತು ವರ್ಷದಿಂದ ಎರಡು ಮಗ್ಗದ ನಡುವೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಖರೆ ಕಾರಣ ಒಂದೇ, ಆ ಆರು ಜನ ಚಹಾಕ್ಕೆ ಏಳುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಗಂಡಸುತನ ಆ ಬಾಕಿನ ಮೇಲೆ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ನಾನೂ ಅದೇ ಬಾಕಿನ ಮೇಲೆ ಕುಳಿತು ಅವರ ಚಹಾ ಕುಡಿಯುತ್ತಿದ್ದೆ.

ಸವಿತಾ ನನ್ನ ಹತ್ತಿರ ಬಂದಾಗ ಯುಗಾದಿಗೆ ಮೂರು ವಾರ ಉಳಿದಿತ್ತು. ಮೊಳಕಾಲು ನೋವು, ಕೆಳಗೆ ಕೂರಲು ಆಗುವುದಿಲ್ಲ ಎಂದೆ.

"ಮೊಳಕಾಲ ನೋಯ್ತೈತೋ, ನಾಳೆ ಮಲ್ಲೇಶಿ ಮಾರಿ ನೋಡಾಕ ನೋಯ್ತೈತೋ?" ಎಂದಳು.

ನಾನು ಮೊಳಕಾಲು ನೀವಿಕೊಂಡೆ. ಅವಳು ಅದನ್ನು ನೋಡಿ, "ಹೋಗ್ಲಿ ಬಿಡು ಮುತ್ಯಾ. ನೀ ಕೆಲಸ ಮಾಡಬ್ಯಾಡ. ಬರೇ ಚಾ ಕುಡ್ಯಾಕ ಬಾ. ಜಾಬರ್ ಚಾ ಕುಡೀಲಿ, ನಾವು ಮಗ್ಗದ ಕೆಳಗ ಹೋಕ್ಕೇವಿ" ಎಂದಳು.

ಚಹಾ ಕುಡಿಯಲು ಬರುವುದಿಲ್ಲ ಎನ್ನಲು ನನ್ನ ಹತ್ತಿರ ಯಾವ ನೋವೂ ಇರಲಿಲ್ಲ. ಹೋದೆ.

ಬಾಗಿಲ ಬಳಿ ಒಂದು ಕುರ್ಚಿ ಹಾಕಿದ್ದರು. ಕೈಯಲ್ಲಿ ಕಪ್ಪು ಕೊಟ್ಟು ಆರೂ ಜನ ಸೆರಗು ಸಿಕ್ಕಿಸಿ ಮಗ್ಗದ ಕೆಳಗೆ ಹೋದರು. ಮಹಾದೇವಿ ಪಾನಾವನ್ನು ಉಲ್ಟಾ ಹಿಡಿದದ್ದು ಕಂಡಿತು. ಒಂದು ಗುಟುಕು ಕುಡಿದೆ. ಅವಳು ಇನ್ನೂ ಉಲ್ಟಾ ತಿರುಗಿಸುತ್ತಿದ್ದಳು. ಎರಡನೆಯ ಗುಟುಕಿಗೆ ಎತ್ತಿದ ಕಪ್ಪು ಬಾಯಿಯವರೆಗೆ ಬರಲಿಲ್ಲ. "ಯವ್ವಾ, ಅದು ರೊಟ್ಟಿ ತಿರಿವು ಕುಡಚಿ ಅಲ್ಲಬೇ, ಈ ಕಡಿ ತಿರಗ್ಸು" ಎಂದುಬಿಟ್ಟೆ. ಮಗ್ಗದ ಕೆಳಗಿನಿಂದ ಆರು ಜನರ ನಗು ಕೇಳಿತು. ಅವರು ಅದಕ್ಕೇ ಕಾದಿದ್ದರು.

ಅಂದಿನಿಂದ ಹದಿನಾರು ದಿನ ನಾನು ಕುರ್ಚಿಯಿಂದ ಏಳದೆ ಮೂವತ್ತೆಂಟು ವರ್ಷವನ್ನು ಹೇಳಿದೆ. ಒಂದೊಂದು ಬೋಲ್ಟು ಏಕೆ ಇದೆ, ಎಷ್ಟು ಬಿಗಿಯಬೇಕು, ಯಾವ ಸಪ್ಪಳ ಒಳ್ಳೆಯದು, ಯಾವುದು ಕೆಟ್ಟದ್ದು. ಸವಿತಾ ಒಂದು ಹೊಸ ಕೆಲಸ ಮಾಡಿದಳು. ಸರಿಯಾಗಿ ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದಳು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಮೊದಲ ಸಲ ಕಂಡಾಗ ನಾನು, "ಮಗ್ಗಕ್ಕ ಸಿಂಗಾರ ಮಾಡಾಕತ್ತೀಯೇನ?" ಎಂದು ಹಂಗಿಸಿದೆ. ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಕೆಲಸ ಅದು. ಹೊಳೆಯದ್ದಕ್ಕೇ ಹಂಗಿಸಿದ್ದು.

ಯುಗಾದಿಯ ಹಿಂದಿನ ದಿನ ಸಾವಕಾರರು ಬಂದರು. ಜೊತೆಗೆ ಮಲ್ಲೇಶಿಯನ್ನು ಕರೆತಂದಿದ್ದರು, ಪರೀಕ್ಷೆ ಮಾಡಲು. ಐದು ಮಗ್ಗ ಓಡುತ್ತಿದ್ದವು. ಆರನೆಯದನ್ನು ಹಿಂದಿನ ಸಂಜೆ ಹೊಂದಿಸಿ, ಅವರ ಎದುರೇ ಚಾಲೂ ಮಾಡಬೇಕೆಂದು ನಿಲ್ಲಿಸಿಟ್ಟಿದ್ದರು. ಮಲ್ಲೇಶಿ ನನ್ನನ್ನು ಕುರ್ಚಿಯ ಮೇಲೆ ಕಂಡು, "ಏನ ಉಸ್ತಾದ್ರ, ಹೆಂಗಸರ ಮಂದ್ಯಾಗ ಕುಂತೀರಿ" ಎಂದ. "ಚಾ ಕುಡ್ಯಾಕ ಬಂದೇನಪಾ" ಎಂದೆ.

ಅವನು ಆರನೆಯ ಮಗ್ಗದ ಕೆಳಗೆ ಕೈ ಹಾಕಿದ. ಹೆಂಗಸರು ಈ ಸಲ ಬೇಕೆಂದೇ ಹಿಂದೆ ಸರಿದು ನಿಂತರು. ಸಾವಕಾರರು ಓಡುತ್ತಿದ್ದ ಮಗ್ಗದ ಸೀರೆಯ ಸೆರಗು ನೋಡುತ್ತಿದ್ದರು. ಮಲ್ಲೇಶಿ ಎದ್ದು ಕೈ ಒರೆಸಿಕೊಂಡು, "ಛಲೋ ಐತ್ರಿ. ಚಾಲೂ ಮಾಡ್ರವಾ" ಎಂದ.

ಸವಿತಾ ಸ್ವಿಚ್ಚಿಗೆ ಹೋಗಲಿಲ್ಲ. ಮೊಬೈಲಿನ ಬೆಳಕು ಹಚ್ಚಿ ಕೆಳಗೆ ಬಗ್ಗಿದಳು. ಎಲ್ಲ ಬೋಲ್ಟು ನೋಡಿ ಎದ್ದು ಹೇಳಿದಳು: "ಮಲ್ಲೇಶಿ ಕಾಕಾ, ಲಾಳಿ ಹೊಡಿಯೂ ಕೋಲಿನ ಬೋಲ್ಟಿನ ಮ್ಯಾಲಿನ ಗೆರಿ ಮುರದೈತಿ. ನಿನ್ನಿ ಸಂಜಿ ಎಳದದ್ದು."

"ಓಡಿಸಿದ್ರ ಅಲಗ್ಯಾಡಿ ಸಡ್ಲ ಆಗ್ತೈತಿ. ಅಷ್ಟೂ ತಿಳಿಯಂಗಿಲ್ಲ, ಜಾಬರ್ ಆಗಾಕ ಬಂದೀರಿ" ಎಂದ ಮಲ್ಲೇಶಿ.

"ಇವತ್ತ ಇನ್ನೂ ಓಡಿಸೇ ಇಲ್ಲಲ್ಲಾ" ಎಂದಳು ಮಹಾದೇವಿ.

ಸಾವಕಾರರು ಇಬ್ಬರ ಮುಖ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು. ಅವರ ದೊಡ್ಡ ಶೆಡ್ಡಿನಲ್ಲಿ ನಾನು ಇಪ್ಪತ್ತು ವರ್ಷ ಕೆಲಸ ಮಾಡಿದವನು. ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆ. ಆ ಬೋಲ್ಟು ಮೊದಲೇ ಸಡಿಲಿತ್ತು ಎಂದು ನಾನು ಅಂದಿದ್ದರೆ ಶಿಷ್ಯನ ಮಾನ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು, ಮರುದಿನ ಗುಜರಿಯ ಗಾಡಿ ಬರುತ್ತಿತ್ತು. ಕಪ್ಪು ಕೆಳಗಿಟ್ಟೆ.

"ಅರ್ಧ ಸುತ್ತ ಸಡ್ಲ ಮಾಡ್ಯಾನ್ರಿ ಸಾವಕಾರ್ರ. ಓಡ್ತೈತಿ, ಎಂಟ ದಿನಕ್ಕ ಲಾಳಿ ಸಿಕ್ಕೊಂಡ ನಿಲ್ತೈತಿ. ಮತ್ತ ಜಾಬರ್‌ನ ಕರಿಬೇಕು. ಇದನ್ನ ಅವಗ ಕಲಿಸಿದಾಂವ ನಾನ."

ಸಾವಕಾರರು ನನ್ನ ಕುರ್ಚಿಯ ಎದುರಿಗೆ ಬಂದು ನಿಂತರು. ಆಮೇಲೆ ಕೇಳಿದರು: "ಹಂಗಾರ ಈರಪ್ಪಾ, ಇಪ್ಪತ್ತ ವರ್ಷ ನಮ್ಮ ಮಗ್ಗಾ ಎಂಟ ಎಂಟ ದಿನಕ್ಕ ನಿಲ್ತಿದ್ದುವಲ್ಲ..."

"ಹೌದ್ರಿ. ಅವೂ ಅರ್ಧ ಸುತ್ತ."

ಅವರು ನನಗೆ ಏನಂದರೋ ಅದನ್ನು ಇಲ್ಲಿ ಬರೆಯುವುದಿಲ್ಲ. ಅನ್ನಬೇಕಾದ್ದನ್ನೇ ಅಂದರು. ಮಲ್ಲೇಶಿ ಚೀಲ ಎತ್ತಿಕೊಂಡು ಹೊರಗೆ ಹೋದ. ಸವಿತಾ ಇದನ್ನೆಲ್ಲ ಕೇಳುತ್ತ ನಿಲ್ಲಲಿಲ್ಲ. ಮಗ್ಗದ ಕೆಳಗೆ ಹೋಗಿ ಬೋಲ್ಟು ಬಿಗಿದು, ಹಳೆಯ ಗೆರೆ ಕೆರೆದು ಹೊಸ ಗೆರೆ ಎಳೆದು, ಅದು ಒಣಗುವವರೆಗೆ ಊದಿ, ಬಂದು ಸ್ವಿಚ್ಚು ಹಾಕಿದಳು. ಲಾಳಿ ಹಾರಿತು. ಮೂವತ್ತೆಂಟು ವರ್ಷ ಕೇಳಿದ ಸಪ್ಪಳ. ಕಣ್ಣಲ್ಲಿ ನೀರು ಬಂದದ್ದು ಅಂದೇ.

ಗುಜರಿಯ ಗಾಡಿ ಬರಲಿಲ್ಲ. ಆರು ಮಗ್ಗ ಈಗ ಹತ್ತಾಗಿವೆ. ಸೀರೆಗಳು ಜಮಖಂಡಿ, ಮುಧೋಳದ ಅಂಗಡಿಗಳಿಗೆ ಇವರ ಹೆಸರಿನಲ್ಲೇ ಹೋಗುತ್ತವೆ. ಕನಸು ಬರೆಸಿದ ಆ ತರಬೇತಿಯವರು ವರ್ಷದ ಮೇಲೆ ಬಂದು, ಸವಿತಾಳ ಫೋಟೋ ಹಾಕಿ ದೊಡ್ಡ ಬ್ಯಾನರ್ ಮಾಡಿಸಿದರು. ನಮ್ಮ ತರಬೇತಿಯ ಫಲ ಎಂದು ಅದರ ಮೇಲೆ ಬರೆಸಿದ್ದರು. ಮಹಾದೇವಿ ಆ ಬ್ಯಾನರನ್ನು ನೂಲಿನ ಮೂಟೆಯ ಮೇಲೆ ಧೂಳಿಗೆ ಹೊದಿಸಿದ್ದಾಳೆ. ಬ್ಯಾನರ್ ಗಟ್ಟಿ ಇದೆ, ಅಷ್ಟರ ಮಟ್ಟಿಗೆ ಅವರ ಉಪಕಾರ ಒಪ್ಪಬೇಕು.

ನಾನು ಖುಷಿಯಲ್ಲಿ ನನ್ನ ಹಳೆಯ ಪಾನಾಗಳ ಚೀಲವನ್ನು ಒಯ್ದು ಮೊಮ್ಮಗಳ ಕೈಗೆ ಕೊಟ್ಟೆ. ಒಂದೊಂದನ್ನೇ ನೋಡಿ ತಿರುಗಿ ಕೊಟ್ಟಳು. "ಬ್ಯಾಡ ಮುತ್ಯಾ, ಸವದಾವು. ಬೋಲ್ಟಿನ ಮೂಲಿ ತಿಂತಾವು." ಅವಳು ಹೇಳಿದ್ದು ಸರಿಯೇ ಇತ್ತು. ಸರಿ ಇದ್ದದ್ದಕ್ಕೆ ನನಗೆ ಇನ್ನೂ ಖುಷಿಯಾಯಿತು.

ಹೋದ ತಿಂಗಳು ರಬಕವಿಯ ಒಂದು ಗಂಡಸರ ಶೆಡ್ಡಿನಿಂದ ಅವಳಿಗೆ ಕರೆ ಬಂತು, ಜಾಬರ್ ಕೆಲಸಕ್ಕೆ. ಹೆಮ್ಮೆ ತಡೆಯದೆ ನಾನೂ ಅವಳ ಗಾಡಿಯ ಹಿಂದೆ ಕುಳಿತು ಹೋದೆ. ಅವಳು ಮಗ್ಗದ ಕೆಳಗೆ ಬಗ್ಗಿದ್ದೇ ತಡ, ಐವತ್ತು ದಾಟಿದ ಅಲ್ಲಿಯ ನೇಕಾರ ರೂಢಿಯಂತೆ ಟಾವೆಲ್ ಹೆಗಲಿಗೆ ಹಾಕಿ ಬಾಗಿಲ ಕಡೆ ನಡೆದ.

"ಎಲ್ಲಿ ಹೊಂಟಿ ಕಾಕಾ?" ಎಂದಳು ಕೆಳಗಿನಿಂದಲೇ.

"ಚಾ ಕುಡ್ಯಾಕವಾ."

"ಆಮ್ಯಾಲ ಕುಡಿಯಂತಿ. ಇಲ್ಲಿ ಕುಂತ ನೋಡು, ಮುಂದಿನ ಸಲ ನೀನ ಮಾಡ್ಕೋಬೇಕು."

ಅವನು ಅನುಮಾನದಿಂದ ನನ್ನ ಕಡೆ ನೋಡಿದ. ಕೂರು ಎಂದು ಸನ್ನೆ ಮಾಡಿದೆ. ಮೂವತ್ತು ವರ್ಷ ಅದೇ ಮಗ್ಗ ನಡೆಸಿದವನು ಅಂದು ಮೊದಲ ಸಲ ಅದರ ಕೆಳಗೆ ತಲೆ ಹಾಕಿದ. ನಮ್ಮ ಕಸುಬಿನಲ್ಲಿ ಮುಚ್ಚಿಡುವಂಥ ಗುಟ್ಟು ಯಾವುದೂ ಇರಲಿಲ್ಲ, ನಮ್ಮ ಅಂಜಿಕೆಯನ್ನೇ ನಾವು ಗುಟ್ಟು ಎಂದು ಕರೆದಿದ್ದೆವು. ಇದನ್ನು ಕಲಿಯಲು ನನಗೆ ಕೆಲಸದ ಮೂವತ್ತೆಂಟು ವರ್ಷ ಸಾಲಲಿಲ್ಲ, ಬಿಟ್ಟ ಮೇಲೂ ಮೂರು ವರ್ಷ ಹಿಡಿಯಿತು. ಅವರಿಬ್ಬರನ್ನೂ ಅಲ್ಲೇ ಬಿಟ್ಟು ಚಹಾ ಕುಡಿಯಲು ನಾನೇ ಹೊರಗೆ ಹೋದೆ.